ಲೆಕ್ಕ ಸರಿಯಿದ್ದರೆ ಲಾಭ ಬರಲೇಬೇಕೆ?

ದೀಪಾವಳಿ ಬಂತೆಂದರೆ ಹುಬ್ಬಳ್ಳಿಯ ಪೇಟೆಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಪೂಜೆ ಲಕ್ಷ್ಮಿಗೆ, ಎದುರಿಗಿರುವುದು ಲೆಕ್ಕ. ಲೆಕ್ಕ ನೆಟ್ಟಗಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂಬ ನಂಬಿಕೆ ಅದರಲ್ಲಿದೆ. ಧಾರವಾಡದಲ್ಲಿ ನಾನು ಪಿಎಚ್.ಡಿ.ಗೆ ಆರಿಸಿಕೊಂಡ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ: ಲೆಕ್ಕಪತ್ರದ ಮಾನದಂಡಗಳು, ಆಡಳಿತದ ಶಿಸ್ತು ಚೆನ್ನಾಗಿದ್ದರೆ ಕಂಪನಿಯ ಗಳಿಕೆ ಹೆಚ್ಚುತ್ತದೆಯೇ?

ಇಂಥ ಅಧ್ಯಯನದ ದಾರಿ ಸರಳ. ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರು ಎಷ್ಟು, ಆಡಿಟ್ ಸಮಿತಿ ಎಷ್ಟು ಸಲ ಸೇರಿತು ಎಂದು ಒಂದು ಕಡೆ ಬರೆದುಕೊಳ್ಳುತ್ತೇವೆ. ಇನ್ನೊಂದು ಕಡೆ ಲಾಭ. ನಂತರ ಎರಡರ ನಡುವಿನ ನಂಟು ಹುಡುಕುತ್ತೇವೆ. ತೊಡಕೆಂದರೆ, ಆ ಲಾಭದ ಅಂಕಿ ಬರುವುದೂ ಕಂಪನಿಯದೇ ಪುಸ್ತಕದಿಂದ. ಸುಳ್ಳು ಬರೆದವನೇ ನಮ್ಮ ಕೋಷ್ಟಕದಲ್ಲಿ ಜಾಣನಾಗಿ ಕಾಣಬಹುದು.

ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಹಾಗೆಯೇ ಕಂಡಿತ್ತು. ಸ್ವತಂತ್ರ ನಿರ್ದೇಶಕರಿದ್ದರು, ಹೆಸರಾಂತ ಆಡಿಟರುಗಳಿದ್ದರು, 2008ರಲ್ಲಿ ಉತ್ತಮ ಆಡಳಿತಕ್ಕೆಂದು ಪ್ರಶಸ್ತಿಯೂ ಬಂದಿತ್ತು. ಆ ವರ್ಷದ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 649 ಕೋಟಿ ರೂಪಾಯಿ ಕಾರ್ಯಾಚರಣೆ ಲಾಭ ತೋರಿಸಿದ್ದರು. ನಿಜವಾಗಿ ಬಂದದ್ದು 61 ಕೋಟಿ ಎಂದು ಅಧ್ಯಕ್ಷ ರಾಮಲಿಂಗ ರಾಜು 2009ರ ಜನವರಿ 7ರ ಪತ್ರದಲ್ಲಿ ಒಪ್ಪಿಕೊಂಡರು. ಮೊದಮೊದಲು ಸಣ್ಣದಿದ್ದ ಅಂತರ ವರ್ಷ ಕಳೆದಂತೆ ಹಿಗ್ಗಿತ್ತು. ಪುಸ್ತಕದಲ್ಲಿದ್ದ ನಗದಿನ ಪೈಕಿ 5,040 ಕೋಟಿ ಇರಲೇ ಇಲ್ಲ.

ಇನ್ನೊಂದು ದಿನ ನೋಡಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರ ಹತ್ತು ಸಾವಿರ ರೂಪಾಯಿಯಿಂದ ಇನ್ಫೋಸಿಸ್ ಶುರುವಾದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. 2003ರ ಏಪ್ರಿಲ್‌ನಲ್ಲಿ ಆ ಕಂಪನಿ, ಮುಂದಿನ ವರ್ಷದ ಗಳಿಕೆ ಪೇಟೆ ನಿರೀಕ್ಷಿಸಿದಷ್ಟು ಇರಲಾರದೆಂದು ಮೊದಲೇ ಹೇಳಿತು. ಒಂದೇ ದಿನದಲ್ಲಿ ಷೇರಿನ ಬೆಲೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಆ ಒಂದು ದಿನವನ್ನಷ್ಟೇ ಅಳೆದರೆ, ನಿಜ ಹೇಳುವುದು ನಷ್ಟದ ಬಾಬತ್ತು.

ದೂರದ ಲೆಕ್ಕದಲ್ಲಿ ಪ್ರಾಮಾಣಿಕತೆಯೇ ಲಾಭ ಎಂದು ಪಠ್ಯಪುಸ್ತಕ ಸಮಾಧಾನ ಹೇಳುತ್ತದೆ. ಎಷ್ಟೋ ಸಲ ಅದು ನಿಜ. ಆದರೂ ಈ ಉತ್ತರ ನನಗೆ ಸಾಲದು. ಲಾಭ ಬರುತ್ತದೆಂದು ನಿಜ ಹೇಳುವವನು, ಸುಳ್ಳಿಗೆ ಹೆಚ್ಚು ಬೆಲೆ ಸಿಗುವ ದಿನ ಏನು ಮಾಡುತ್ತಾನೆ? ಇಂಥ ಪ್ರಾಮಾಣಿಕತೆ ಕೂಲಿಯಾಳಿನಂತೆ. ಹೆಚ್ಚು ಕೊಡುವವರ ಹೊಲಕ್ಕೆ ಹೋಗುತ್ತದೆ.

ಹಾಗಾದರೆ ಲೆಕ್ಕ ಯಾಕೆ ಸರಿಯಿರಬೇಕು? ಹಣ ಇನ್ನೊಬ್ಬರದು ಎಂಬ ಕಾರಣಕ್ಕೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮೇಲೆ, ಬೊಕ್ಕಸದ ಹಣ ಜಂಗಮರಿಗೆ ಸುರಿದನೆಂದು ಚಾಡಿ ಹೇಳಿದ ಕಥೆ ಶರಣ ಪರಂಪರೆಯಲ್ಲಿದೆ. ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿತ್ತು. ಕಥೆಯಲ್ಲಿ ನನಗೆ ದೊಡ್ಡದೆನಿಸುವುದು, ಭಕ್ತಿಯಾಗಲಿ ಕೀರ್ತಿಯಾಗಲಿ ಲೆಕ್ಕಕ್ಕೆ ಬದಲಿಯಾಗಲಿಲ್ಲ ಎಂಬುದು. ಒಳ್ಳೆಯವರೂ ಪುಸ್ತಕ ತೆರೆದು ತೋರಿಸಬೇಕು. ಯಾಕೆಂದರೆ ಷೇರುದಾರನಿಗಾಗಲಿ ಸಾಲ ಕೊಟ್ಟ ಬ್ಯಾಂಕಿಗಾಗಲಿ ಉಗ್ರಾಣದೊಳಗೆ ಹೋಗಲಾಗದು. ಅವರಿಗೆ ಕಾಣುವುದು ಪುಸ್ತಕ ಮಾತ್ರ. ಸುಳ್ಳು ಬರೆದರೆ ಅವರ ಹಣದ ಜೊತೆಗೆ, ಇರಲೋ ಹೋಗಲೋ ಎಂದು ತೀರ್ಮಾನಿಸುವ ಅವರ ಹಕ್ಕೂ ಹೋಗುತ್ತದೆ.

ಷೇರು ಇಲ್ಲದವರೂ ಇದರಿಂದ ಹೊರಗಿಲ್ಲ. ನಿಮ್ಮ ಅಪ್ಪನ ಭವಿಷ್ಯ ನಿಧಿಯ, ಎಲ್‌ಐಸಿ ಕಂತಿನ ಒಂದು ಪಾಲು ಷೇರುಪೇಟೆಯಲ್ಲಿದೆ.

ಹೀಗಾಗಿ ನನ್ನ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ. ಒಳ್ಳೆಯ ಮಾನದಂಡ ಲಾಭ ಹೆಚ್ಚಿಸಿತೇ ಎನ್ನುವ ಮೊದಲು, ನಷ್ಟ ಸಣ್ಣದಿರುವಾಗಲೇ ಅದನ್ನು ಕಾಣಿಸಿತೇ ಎಂದು ಕೇಳುತ್ತೇನೆ. ಕಂಪನಿಗಳ ವಾರ್ಷಿಕ ವರದಿ ಓದಲು ಕೂತಾಗ ಕೆಟ್ಟ ವರ್ಷದ್ದನ್ನೇ ಮೊದಲು ತೆಗೆಯುತ್ತೇನೆ.