ಅಲೆಕ್ಸಾ ಅನ್ನೋ ಹುಡುಗಿ

ಮೊನ್ನೆ ರಾತ್ರಿ ಅಮೆರಿಕದ ಟೀಮ್ ಜೊತೆ ಕಾಲ್‌ನಲ್ಲಿದ್ದೆ. ಹಾಲ್‌ನಲ್ಲಿ ನನ್ನ ನಾಲ್ಕು ವರ್ಷದ ಮಗ "ಅಲೆಕ್ಸಾ, ಸ್ಟಾಪ್! ಅಲೆಕ್ಸಾ, ಸ್ಟಾಪ್!" ಅಂತ ಕಿರುಚುತ್ತಿದ್ದ. ಮ್ಯೂಟ್ ಮಾಡೋದು ಮರೆತಿದ್ದೆ. ಆ ಕಡೆಯಿದ್ದ ಸಹೋದ್ಯೋಗಿ ನಕ್ಕು, "ನನ್ನ ಮಗಳ ಹೆಸರೂ ಅದೇ" ಅಂದರು. ಒಂದು ಕ್ಷಣ ಬಿಟ್ಟು, "ಈಗ ಹಾಗೆ ಕರೆಯಲ್ಲ. ಸ್ಕೂಲಲ್ಲಿ ಎಲ್ಲರೂ ಆರ್ಡರ್ ಮಾಡ್ತಾರೆ ಅಂತ ಅವಳೇ ಬೇರೆ ಹೆಸರು ಇಟ್ಟುಕೊಂಡಳು" ಅಂದರು. ಮೀಟಿಂಗ್ ಮುಂದುವರೆಯಿತು. ನನ್ನ ತಲೆ ಮಾತ್ರ ಅಲ್ಲೇ ನಿಂತುಬಿಟ್ಟಿತು.

ಅಲೆಕ್ಸಾ ಅನ್ನೋದು ಅಲೆಕ್ಸಾಂಡ್ರಾ ಹೆಸರಿನ ಗಿಡ್ಡ ರೂಪ. ಮೂಲ ಗ್ರೀಕ್. 'ಕಾಪಾಡು' ಅನ್ನೋ ಪದಕ್ಕೆ 'ಮನುಷ್ಯ' ಅನ್ನೋ ಪದ ಸೇರಿ 'ಜನರನ್ನು ಕಾಯುವವಳು' ಅಂತ ಅರ್ಥ. ಸ್ಕೂಲಲ್ಲಿ ನಾವು ಓದಿದ ಅಲೆಕ್ಸಾಂಡರ್ ಹೆಸರಿನ ಹೆಣ್ಣುರೂಪ. ವಿಕ್ಟೋರಿಯಾ ರಾಣಿಯ ಮೊದಲ ಹೆಸರು ಅಲೆಕ್ಸಾಂಡ್ರೀನಾ. 1863ರಲ್ಲಿ ಆಕೆಯ ಸೊಸೆಯಾಗಿ ಬಂದ ಡೆನ್ಮಾರ್ಕಿನ ರಾಜಕುಮಾರಿಯ ಹೆಸರು ಅಲೆಕ್ಸಾಂಡ್ರಾ. ಒಟ್ಟಿನಲ್ಲಿ ಅರಮನೆಯಲ್ಲಿ ಓಡಾಡಿದ ಹೆಸರು.

ಅಮೆರಿಕದಲ್ಲಿ ಸರ್ಕಾರವೇ ಪ್ರತಿವರ್ಷ ಮಕ್ಕಳ ಹೆಸರುಗಳ ಪಟ್ಟಿ ಪ್ರಕಟಿಸುತ್ತದೆ. 2015ರಲ್ಲಿ ಅಲೆಕ್ಸಾ ಹೆಣ್ಣುಮಕ್ಕಳ ಪಟ್ಟಿಯ ಮೊದಲ 50ರೊಳಗಿತ್ತು. ಅಮೆಜಾನ್‌ನ ಎಕೋ ಸ್ಪೀಕರ್ 2014ರ ನವೆಂಬರ್‌ನಲ್ಲಿ ಬಂತು, ಮರುವರ್ಷ ಎಲ್ಲರಿಗೂ ಸಿಗತೊಡಗಿತು. 2021ರ ಹೊತ್ತಿಗೆ ಈ ಹೆಸರು ಮೊದಲ 200ರಲ್ಲೂ ಇರಲಿಲ್ಲ. ಹೆಸರುಗಳಿಗೆ ಫ್ಯಾಷನ್ ಇರುತ್ತೆ, ಏರುತ್ತವೆ, ಇಳಿಯುತ್ತವೆ, ನಿಜ. ಆದರೆ ಇದು ಇಳಿದಿದ್ದಲ್ಲ, ಬಿದ್ದಿದ್ದು. ಈ ಹೆಸರಿನ ಮಕ್ಕಳನ್ನು ಸ್ಕೂಲಲ್ಲಿ ರೇಗಿಸಿ ರೇಗಿಸಿ, ಕೊನೆಗೆ ಕೆಲವು ಅಪ್ಪ-ಅಮ್ಮ ಹೆಸರನ್ನೇ ಬದಲಾಯಿಸಿದ್ದು ಬ್ರಿಟನ್ನಿನಲ್ಲಿ ಸುದ್ದಿಯೂ ಆಯಿತು.

ಇದನ್ನು ಮಾಡಿದವರು ಕೆಟ್ಟವರಾ? ಎಂಜಿನಿಯರ್ ಆಗಿ ನೋಡಿದರೆ ಆಯ್ಕೆ ಸರಿಯಾಗೇ ಇದೆ. ಸ್ಪೀಕರ್ ಯಾವಾಗಲೂ ಒಂದೇ ಒಂದು ಪದಕ್ಕೆ ಕಿವಿಗೊಟ್ಟು ಕೂತಿರುತ್ತೆ. ಆ ಪದ ಚಿಕ್ಕದಿರಬೇಕು, ಮನೆಮಾತಿನಲ್ಲಿ ಸುಮ್ಮಸುಮ್ಮನೆ ಬರಬಾರದು, ಸದ್ದಿನಲ್ಲಿ ಬೇರೆಯಾಗಿ ಕೇಳಬೇಕು. 'ಕ್ಸ' ಅದಕ್ಕೆ ಚೆನ್ನಾಗಿ ಒದಗುತ್ತೆ. ಜೊತೆಗೆ ಹಳೆಯ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ನೆನಪೂ ಆ ಹೆಸರಿನ ಹಿಂದಿದೆಯಂತೆ. ಎಲ್ಲಾ ಸರಿ. ಆದರೆ ಆಗಲೇ ಆ ಹೆಸರಿಟ್ಟುಕೊಂಡು ಓಡಾಡುತ್ತಿದ್ದ ಸಾವಿರಾರು ಹುಡುಗಿಯರು ಲೆಕ್ಕಕ್ಕೆ ಬಂದರೋ ಇಲ್ಲವೋ? ನಮ್ಮ ಭಾಷೆಯಲ್ಲಿ ಇಂಥದ್ದಕ್ಕೆ 'ಎಡ್ಜ್ ಕೇಸ್' ಅಂತೀವಿ. ಅಪರೂಪಕ್ಕೆ ಎದುರಾಗೋದು, ಆಮೇಲೆ ನೋಡಿಕೊಂಡರಾಯ್ತು ಅನ್ನೋದು. ಎಡ್ಜ್ ಕೇಸ್ ಅಂತ ನಾನೂ ಎಷ್ಟೋ ಸಲ ಪಕ್ಕಕ್ಕೆ ತಳ್ಳಿದ್ದೀನಿ. ಅದಕ್ಕೊಂದು ಸ್ಕೂಲ್ ಬ್ಯಾಗು, ಎರಡು ಜಡೆ ಇರಬಹುದು ಅಂತ ಹೊಳೆದಿರಲಿಲ್ಲ.

ಹೆಸರು ಯಾರಪ್ಪನ ಆಸ್ತಿ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೆಸರನ್ನು ಯಾರೂ ಕದ್ದಿಲ್ಲ, ಅದು ಆ ಹುಡುಗಿಯ ಹತ್ತಿರವೇ ಇದೆ. ಆದರೆ ಹೆಸರು ಬೇರೆ ಆಸ್ತಿಗಳ ಥರ ಅಲ್ಲ. ಅದು ನಮ್ಮದು, ಬಳಸೋರು ಮಾತ್ರ ಬೇರೆಯವರು. ಹಾಗಾಗಿ ಅದರ ಮಾನ ಇರೋದೂ ಇನ್ನೊಬ್ಬರ ಬಾಯಲ್ಲೇ.

ನಮ್ಮೂರಲ್ಲಿ ಇದು ಗೊತ್ತಿತ್ತು. ನಮ್ಮಣ್ಣನಿಗೆ ತಾತನ ಹೆಸರು, ರಂಗಪ್ಪ ಅಂತ ಇಟ್ಟಿದ್ದರು. ಅವ್ವ ಅವನನ್ನು ಯಾವತ್ತೂ 'ಪುಟ್ಟ' ಅಂತಲೇ ಕರೆದದ್ದು. ಬೈಯೋವಾಗಂತೂ ರಂಗಪ್ಪ ಅನ್ನೋ ಹೆಸರು ಬಾಯಿಗೆ ಬರುತ್ತಲೇ ಇರಲಿಲ್ಲ. ಅದು ಮಾವನ ಹೆಸರು, ಮಗನಿಗೆ ಬೈದರೂ ಮಾವನಿಗೆ ತಾಗುತ್ತೆ ಅನ್ನೋ ಭಯ.

ಹಾಗಂತ ನಮ್ಮೂರನ್ನು ಹೊಗಳಿ ಮುಗಿಸೋಕಾಗಲ್ಲ. ಅದೇ ಮನೆಯ ಗದ್ದೆ ಕೆಲಸಕ್ಕೆ ಒಬ್ಬರು ಬರುತ್ತಿದ್ದರು. ಅಪ್ಪನಿಗಿಂತ ದೊಡ್ಡವರು. ನಾನು ಆರನೇ ಕ್ಲಾಸಿನ ಹುಡುಗ, "ಲೇ ನಿಂಗ, ಗಾಡಿ ಕಟ್ಟೋ" ಅಂತ ಕೂಗುತ್ತಿದ್ದೆ. ಎಲ್ಲರೂ ಹಾಗೇ ಕೂಗುತ್ತಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ತಿಥಿ ಕಾರ್ಡಿನಲ್ಲಿ 'ಶ್ರೀ ನಿಂಗಯ್ಯನವರು' ಅಂತ ಓದಿದಾಗ ಯಾರಿವರು ಅಂತ ಒಂದು ಗಳಿಗೆ ನನಗೆ ಹೊಳೆಯಲೇ ಇಲ್ಲ.

ಅಂದರೆ ಹೆಸರನ್ನು ಗಿಡ್ಡ ಮಾಡಿ, ಅದಕ್ಕೊಂದು ಅಪ್ಪಣೆ ಅಂಟಿಸೋದನ್ನು ಕಂಪನಿಯವರು ಕಂಡುಹಿಡಿದಿದ್ದಲ್ಲ. ನಮಗೆ ಮೊದಲೇ ಬರುತ್ತಿತ್ತು. ಮೆಷಿನ್ನು ಅದನ್ನು ಮನೆಮನೆಗೆ ತಲುಪಿಸಿತು ಅಷ್ಟೇ. ಮೆಷಿನ್ನಿಗೆ ಬೇಜಾರಾಗಲ್ಲ, ನಿಜ. ಆದರೆ ಕೂಗಿ ಕೂಗಿ ಅಭ್ಯಾಸವಾಗೋದು ಮೆಷಿನ್ನಿಗಲ್ಲ, ನನ್ನ ಮಗನ ನಾಲಿಗೆಗೆ.

ಆ ರಾತ್ರಿಯೇ ಸೆಟ್ಟಿಂಗ್ಸ್‌ಗೆ ಹೋಗಿ ಕರೆಯೋ ಪದವನ್ನು 'ಕಂಪ್ಯೂಟರ್' ಅಂತ ಬದಲಾಯಿಸಿದೆ. ಎರಡು ದಿನ ಮಗ ಹಳೇ ಹೆಸರನ್ನೇ ಕೂಗಿದ, ಸ್ಪೀಕರ್ ತುಟಿಪಿಟಕ್ ಅನ್ನಲಿಲ್ಲ. "ಅಪ್ಪಾ, ಅಲೆಕ್ಸಾ ಎಲ್ಲಿ ಹೋದ್ಲು?" ಅಂತ ಕೇಳಿದ. "ಅವಳು ಸ್ಕೂಲಿಗೆ ಹೋಗ್ತಾಳೆ ಕಣೋ, ಅವಳನ್ನ ಹಾಗೆಲ್ಲಾ ಕೂಗಬಾರದು" ಅಂದೆ. ನಂಬಿದ. ಅದು ಸುಳ್ಳೂ ಅಲ್ಲವಲ್ಲ.