ಹದಿನೇಳು ತಾಸಿನ ಹಾದಿ

ಗೋಕಾಕದ ಮನೆಯಲ್ಲಿ ಅವ್ವ ಉಸಿರು ಬಿಟ್ಟಾಗ ಬೆಳಗಿನ ಐದು ಗಂಟೆ. 2024ರ ಜನವರಿ. ತಮ್ಮನಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಇನ್ನೂ ಹಿಂದಿನ ದಿನದ ಮಧ್ಯಾಹ್ನ ಮೂರೂವರೆ. ಫೋನಿನಲ್ಲಿ ಒಂದೇ ಮಾತು ಕೇಳಿದ: "ಕಾಯ್ತೀರೇನಣ್ಣಾ?"

ಕಾಯಬಹುದಿತ್ತು. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಎದ್ದು, ಉತ್ತರ ಧ್ರುವ ದಾಟಿ, 11ರ ನಸುಕಿಗೆ ಬೆಂಗಳೂರಲ್ಲಿ ಇಳಿದಂದು ಆ ಹಾದಿ ತೆರೆದಿತ್ತು. ಸುಮಾರು 14,000 ಕಿಲೋಮೀಟರು, ಹೆಚ್ಚುಕಡಿಮೆ 17 ತಾಸು. ಬೆಂಗಳೂರಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಇನ್ನೊಂದು ತಾಸು, ಆಮೇಲೆ ಕಾರು. ಅವತ್ತಿನ ವಿಮಾನದಲ್ಲೇ ಜಾಗ ಸಿಕ್ಕಿತು. ನಮ್ಮ ಗಡಿಯಾರದಲ್ಲಿ ಮರುದಿನ ಮುಂಜಾನೆ ಹತ್ತಕ್ಕೆ ಬಾಗಿಲಲ್ಲಿರುತ್ತೇನೆ ಎಂದ.

"ಹೆಣ ಕಾಯಿಸಬಾರದಪಾ" ಅಂದರು ಹಿರಿಯರು. ಹಿರಿಮಗ ನಾನು, ಹೂಂ ಅಂದೆ. ಸಂಜೆ ನಾಲ್ಕಕ್ಕೆ ಅವ್ವನನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಒಟ್ಟಿ ಮಣ್ಣು ಕೊಟ್ಟೆವು. ತಮ್ಮ ಆಗ ಆಕಾಶದಲ್ಲಿದ್ದ. ಬೆಂಗಳೂರಿಗೇ ಇನ್ನೂ ಹನ್ನೊಂದು ತಾಸಿನ ಹಾದಿ ಉಳಿದಿತ್ತು.

ಅಂದಿನಿಂದ ನನಗೆ ಅಜ್ಜನ ಸಾವು ಮತ್ತೆ ಮತ್ತೆ ನೆನಪಾಗುತ್ತದೆ. 1962, ನನಗೆ ಒಂಬತ್ತು ವರ್ಷ. ಅಜ್ಜ ಹೋದದ್ದು ಇಳಿಹೊತ್ತಿಗೆ. ಮೂಡಲಗಿಯ ಅತ್ತಿ ಅಂದು ರಾತ್ರಿಯೇ ಬಂದಳು. ಹುಕ್ಕೇರಿಯ ಅತ್ತಿಗೆ ಸುದ್ದಿ ಮುಟ್ಟಿಸಲು ಸೈಕಲ್ ಮೇಲೆ ಆಳು ಹೋಗಬೇಕು, ಅವಳ ಗಾಡಿ ರಾತ್ರಿಯಿಡೀ ನಡೆಯಬೇಕು. ಮನೆ ಮಂದಿಯೆಲ್ಲ ಭಜನೆ ಹೇಳುತ್ತ ಕೂತರು. ಮರುದಿನ ಮಧ್ಯಾಹ್ನ ಎತ್ತಿನ ಗೆಜ್ಜೆ ಕೇಳಿಸಿದ ಮೇಲೆಯೇ ಅಜ್ಜನನ್ನು ಎತ್ತಿದ್ದು. "ಮಗಳು ಮಾರಿ ನೋಡಬ್ಯಾಡೇನು?" ಎಂದಿದ್ದಳು ಅವ್ವ. ಹೌದು, ಇದೇ ಅವ್ವ. ಪದ್ಧತಿ ಮುರಿಯಿತೆಂದು ಯಾರೂ ಅನ್ನಲಿಲ್ಲ.

ಹಾಗಾದರೆ ಕಾಯುವ ಹೊತ್ತನ್ನು ಗೊತ್ತು ಮಾಡಿದ್ದು ಎತ್ತಿನ ಕಾಲು. ಹುಕ್ಕೇರಿಗೆ ಒಂದು ರಾತ್ರಿ ಬಿಟ್ಟುಕೊಟ್ಟ ಧರ್ಮ, ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಒಂದು ರಾತ್ರಿ ಬಿಟ್ಟುಕೊಡಲು ಯಾಕೆ ಹಿಂಜರಿಯಬೇಕು? ಲಿಂಗೈಕ್ಯಳಾದವಳಿಗೆ ಯಾರ ಹಾದಿ ಕಾಯುವುದೂ ಇಲ್ಲ, ದೇಹ ಬರೀ ಮಣ್ಣು ಎಂಬ ವಾದ ನನಗೂ ಗೊತ್ತು, ಅದನ್ನು ನಂಬುತ್ತೇನೆ ಕೂಡ. ಆದರೆ ಅದು ಅವಸರಕ್ಕೆ ಕಾರಣವಾಗದು. ಜನನ, ಮರಣ, ರಜಸ್ಸು, ಎಂಜಲು, ಜಾತಿ: ಐದು ಸೂತಕಗಳನ್ನೂ ಒಲ್ಲೆನೆಂದ ಶರಣರ ದಾರಿಯವರು ನಾವು. ಸಾವಿನ ಮೈಲಿಗೆಯೇ ಇಲ್ಲದ ಮನೆಯಲ್ಲಿ ಅಂದು ನಾವು ಯಾವುದಕ್ಕೆ ಅಂಜಿ ಗಡಿಬಿಡಿ ಮಾಡಿದೆವು? ಒಲೆ ಹೊತ್ತಿಸದೆ ಕಾದಿದ್ದ ಓಣಿಯವರ ಮಾತಿಗೆ. ಅದನ್ನು ಧರ್ಮವೆಂದು ಕರೆದದ್ದು ನನ್ನ ತಪ್ಪು.

ತಮ್ಮ ಹೇಳಿದ ಹೊತ್ತಿಗೇ ಬಂದ. ಚೀಲ ಇಳಿಸದೆ ಗದ್ದಿಗೆಗೆ ನಡೆದ. ಹಸಿ ಮಣ್ಣಿನ ಮೇಲೆ ಅಂಗೈ ಊರಿ ಬಹಳ ಹೊತ್ತು ಕೂತ. ನನ್ನನ್ನು ಬೈಯಲಿಲ್ಲ. ಎಷ್ಟು ಗಂಟೆಗೆ ಮಣ್ಣು ಕೊಟ್ಟಿರಿ ಎಂದಷ್ಟೇ ಕೇಳಿ, ತನ್ನ ಕೈಗಡಿಯಾರ ನೋಡಿಕೊಂಡ.

ಈಗ ನನ್ನ ಮಗಳೂ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಇದ್ದಾಳೆ. ಊರಲ್ಲಿ ಶೀತಪೆಟ್ಟಿಗೆ ಬಾಡಿಗೆಗೆ ಸಿಗುತ್ತದೆ, ವಿಚಾರಿಸಿದ್ದೇನೆ. ಮೂವತ್ತು ತಾಸು ಕಾಯಿರಿ ಎಂದು ಚೀಟಿ ಬರೆದು, ವಿಭೂತಿ ಗಟ್ಟಿಯ ಜೊತೆ ಜಗುಲಿಯ ಮೇಲೆ ಇಟ್ಟಿದ್ದೇನೆ.