ಲಾರಿ ನಿಂತಾಗಲೂ ಚಾಲಕ ದುಡಿಯುತ್ತಿರುತ್ತಾನೆ

ಕೆರಾಡಿಯ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಭಾರೀ ವಾಹನದ ಲೈಸೆನ್ಸ್ ಪಡೆದು ಮೊದಲ ಸಲ ದೂರದ ಲೋಡು ಹೊತ್ತು ಹೊರಡುತ್ತಾನೆ ಎಂದಿಟ್ಟುಕೊಳ್ಳೋಣ. ವಂಡ್ಸೆ ದಾಟಿ ಹೆಮ್ಮಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಸೇರಿದರೆ ಉತ್ತರಕ್ಕೆ ಭಟ್ಕಳ, ಅಂಕೋಲಾ, ಗೋವಾ, ಮುಂಬೈ. ದಕ್ಷಿಣಕ್ಕೆ ಮಂಗಳೂರು, ಅಲ್ಲಿಂದ ಶಿರಾಡಿ ಹತ್ತಿ ಬೆಂಗಳೂರು. ಸಿದ್ದಾಪುರ, ಹೊಸಂಗಡಿಯ ಕಡೆಯಿಂದ ಬಾಳೆಬರೆ ಘಾಟಿ ಹತ್ತಿದರೆ ಶಿವಮೊಗ್ಗದ ದಾರಿ. ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಭಾರ ಹೊತ್ತು ಹೋಗಬೇಕೆಂದು ಅವನು ತೀರ್ಮಾನಿಸುವುದಿಲ್ಲ. ದಾರಿಯಲ್ಲಿ ಏನಾದರೂ ಆದರೆ ಮೊದಲು ಹೊಣೆಗಾರನಾಗುವವನು ಮಾತ್ರ ಅವನೇ. ತೀರ್ಮಾನ ಒಬ್ಬರದು, ಹೊಣೆ ಇನ್ನೊಬ್ಬರದು ಆಗುವುದು ಹೇಗೆಂದು ಹುಡುಕುತ್ತಾ ಹೋದರೆ ಅವನ ಸಂಬಳ ಲೆಕ್ಕ ಹಾಕುವ ರೀತಿಗೆ ಬಂದು ಮುಟ್ಟುತ್ತೇವೆ.

ಬಹಳಷ್ಟು ಕಡೆ ಹೊಸ ಚಾಲಕನಿಗೆ ಸಿಗುವುದು ಟ್ರಿಪ್ಪಿನ ಲೆಕ್ಕ ಮತ್ತು ದಿನದ ಬಾಟಾ. ಲೋಡಿಗಾಗಿ ಗೋದಾಮಿನ ಮುಂದೆ ಒಂದೂವರೆ ದಿನ ಕಾದರೂ, ಇಳಿಸುವಲ್ಲಿ ಹಮಾಲಿಗಳಿಗಾಗಿ ರಾತ್ರಿಯಿಡೀ ಕಾದರೂ ಟ್ರಿಪ್ಪು ಒಂದೇ. ಆ ಹೊತ್ತಿನಲ್ಲಿ ಅವನು ಲಾರಿ ಬಿಟ್ಟು ಹೋಗುವಂತಿಲ್ಲ. ಸರಕು, ಡೀಸೆಲ್, ಟಯರ್ ಎಲ್ಲವೂ ಅವನ ಕಾವಲಿನಲ್ಲಿವೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕೆಲಸದ ಅವಧಿ ಎಂದರೇನು ಎಂಬುದನ್ನು ವಿವರಿಸುವಾಗ, ಕಾರ್ಮಿಕನು ಮಾಲೀಕನ ಅಥವಾ ಅವನ ಸೇವೆ ಕೇಳುವ ಹಕ್ಕುಳ್ಳ ಇನ್ನೊಬ್ಬರ ಸುಪರ್ದಿನಲ್ಲಿರುವ ಸಮಯ ಎಂದೇ ಹೇಳಿತ್ತು. ಚಕ್ರ ತಿರುಗುವ ಸಮಯ ಮಾತ್ರ ಎಂದು ಹೇಳಿರಲಿಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ದೂರದ ದಾರಿಗಳಲ್ಲಿ ಅನುಮತಿಯಿದ್ದರೆ 10 ಮತ್ತು 54 ಎಂಬುದು ಅದರ ಮಿತಿ. ಈಗ ಅದು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಆ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗಾಗಿತ್ತು, ಒಂದೆರಡು ಲಾರಿಯ ಮಾಲೀಕರು ಅದರಿಂದ ಹೊರಗೆ ಎಂದು ಯಾರಾದರೂ ಹೇಳಬಹುದು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್, ಸಾರಿಗೆ ವಾಹನ ಓಡಿಸುವ ಯಾರಿಗೇ ಆಗಲಿ ಅದೇ ಕೆಲಸದ ಅವಧಿ ಅನ್ವಯವೆಂದಿದೆ. ಲಾರಿಗಳ ಸಂಖ್ಯೆಯನ್ನು ನೋಡಿ ಮನುಷ್ಯನ ಕಣ್ಣಿಗೆ ನಿದ್ದೆ ಬರುವುದಿಲ್ಲವಲ್ಲ.

ಕಾದ ಹೊತ್ತಿಗೆ ಹಣವಿಲ್ಲದಿದ್ದರೆ ಚಾಲಕ ಆ ನಷ್ಟವನ್ನು ರಸ್ತೆಯಲ್ಲಿ ತುಂಬಿಕೊಳ್ಳಲು ನೋಡುತ್ತಾನೆ. ಡೀಸೆಲಿಗೂ ಖರ್ಚಿಗೂ ಸೇರಿಸಿ ಇಡಿಯಾಗಿ ಒಂದು ಮೊತ್ತ ಕೊಟ್ಟು, ಉಳಿದದ್ದು ನಿನ್ನದು ಎನ್ನುವ ಏರ್ಪಾಡನ್ನು ಘಾಟಿಗೆ ಹೊಂದಿಸಿ ನೋಡಿ. ಭಾರದ ಲಾರಿಯನ್ನು ಹತ್ತಿಸಲು ಬೇಕಾದಷ್ಟೇ ಕೆಳಗಿನ ಗೇರಿನಲ್ಲಿ ಇಳಿಸಬೇಕೆಂಬುದು ಹಳಬರ ಪಾಠ. ಎಂಜಿನ್ ಹಿಡಿದು ನಿಲ್ಲಿಸಬೇಕು, ಬ್ರೇಕ್ ಅದಕ್ಕೆ ನೆರವಾಗಬೇಕು. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಲಾರಿ ಹಿಡಿಯಲು ಬ್ರೇಕೊಂದೇ ಗತಿ. ಉಳಿಸಿದ ಲೀಟರಿನ ಹಣ ತನ್ನ ಜೇಬಿಗೆ ಬರುವುದಾದರೆ, ಊರಿಗೆ ಹಣ ಕಳಿಸಬೇಕಾದ ಹುಡುಗ ಯಾವ ಗೇರನ್ನು ಆರಿಸಿಕೊಂಡಾನು? ಆಗುಂಬೆಯಲ್ಲಿ ಭಾರೀ ಲಾರಿಗಳಿಗೆ ಪ್ರವೇಶವಿಲ್ಲದ್ದರಿಂದ ಬಾಳೆಬರೆಯಂಥ ಘಾಟಿಗಳ ಮೇಲೆ ಒತ್ತಡ ಬೀಳುತ್ತದೆ. ಮಳೆಗಾಲದ ರಾತ್ರಿ ಅಲ್ಲಿ ಮಂಜು ಕವಿದಾಗ ಎದುರಿನ ತಿರುವೇ ಕಾಣುವುದಿಲ್ಲ. ಹೀಗಿರುವಾಗ ಚಾಲಕನ ಅಜಾಗರೂಕತೆಯೊಂದನ್ನೇ ಹೆಸರಿಸಿ, ಆ ಅಜಾಗರೂಕತೆಗೆ ಹಣ ಕೊಟ್ಟ ಲೆಕ್ಕವನ್ನು ಹೆಸರಿಸದಿರುವುದು ಪ್ರಾಮಾಣಿಕತೆ ಎನಿಸುವುದಿಲ್ಲ.

ಘಾಟಿ ಇಳಿಸುವ ಈ ಪಾಠವನ್ನು ಹಿಂದೆ ಕ್ಲೀನರ್ ಆಗಿದ್ದವನು ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಕುಳಿತು ಕಲಿಯುತ್ತಿದ್ದ. ಅದು ನ್ಯಾಯದ ವ್ಯವಸ್ಥೆಯಾಗಿತ್ತೆಂದು ನಾನು ಹೇಳಲಾರೆ. ಊಟಕ್ಕೂ ಬೈಗುಳಕ್ಕೂ ದುಡಿದ ಮಕ್ಕಳು ಅದರಲ್ಲಿದ್ದರು. ಆದರೂ ದಾರಿ ತಿಳಿದವನ ಕಣ್ಣೆದುರು ಹೊಸಬ ದಾರಿ ಕಲಿಯುತ್ತಿದ್ದ. ಕೇಂದ್ರ ಮೋಟಾರು ವಾಹನ ನಿಯಮಗಳ 90ನೇ ನಿಯಮ, ರಾಷ್ಟ್ರೀಯ ಪರ್ಮಿಟ್ಟಿನ ಭಾರೀ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು, ಎರಡನೆಯವನು ಕಾಲು ಚಾಚಿ ಮಲಗಲು ಜಾಗವಿರಬೇಕು ಎಂದು ಹೇಳಿತ್ತು. 2018ರಲ್ಲಿ ಅದನ್ನು ಸಡಿಲಿಸಲಾಯಿತು. ಈಗ ಹೊಸಬನ ಪಕ್ಕದಲ್ಲಿರುವುದು ಮೊಬೈಲಿನ ನಕ್ಷೆ. ಹತ್ತಿರದ ದಾರಿ ಯಾವುದೆಂದು ಅದು ಹೇಳುತ್ತದೆ, ಯಾವ ಗೇರಿನಲ್ಲಿ ಇಳಿಯಬೇಕೆಂದು ಹೇಳುವುದಿಲ್ಲ.

ಮಾಲೀಕರ ಮಾತನ್ನೂ ಕೇಳಬೇಕು. ಅವರಲ್ಲಿ ಅನೇಕರು ನಿನ್ನೆಯ ಚಾಲಕರು. ಸಾಲದ ಕಂತು, ಇನ್ಶೂರೆನ್ಸ್, ಟೋಲ್ ಕಟ್ಟಿ ಬ್ರೋಕರ್ ಹೇಳಿದ ಬಾಡಿಗೆಗೆ ಒಪ್ಪುವವರು. ಅವರನ್ನು ಖಳರೆನ್ನುವುದು ತಪ್ಪು. ಗೋದಾಮಿನಲ್ಲಿ ಕಾಯಿಸುವವರು ಕೂಡ ಅವರಲ್ಲ, ಸರಕಿನ ಒಡೆಯರು. ಕಾಯಿಸಿದ್ದಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕೆಂದು ಬಾಡಿಗೆಯ ಕರಾರಿನಲ್ಲೇ ಬರೆದರೆ ಗೇಟು ಬೇಗ ತೆರೆಯುತ್ತದೆ. ಅಧಿಕ ಭಾರದ ವಿಷಯದಲ್ಲಿ ಹೊಣೆ ಚಾಲಕನಾಚೆಗೂ ಇದೆಯೆಂಬ ಎಳೆಯನ್ನು ಕಾನೂನು ಆಗಲೇ ಹಿಡಿದಿದೆ: ಚಾಲಕ ಬೇರೆ, ಮಾಲೀಕ ಬೇರೆ ಆಗಿದ್ದಾಗ ತಪ್ಪು ಮಾಲೀಕನ ಅರಿವಿನಲ್ಲೇ ನಡೆದಿದೆಯೆಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್.

ಟ್ರಿಪ್ಪಿನ ಲೆಕ್ಕವನ್ನು ಚಾಲಕರೇ ಬಯಸುತ್ತಾರಲ್ಲ ಎಂಬ ಮಾತೂ ಇದೆ. ಹದಿನೈದು ವರ್ಷ ಓಡಿಸಿದವನು ಬಯಸಬಹುದು. ಬೇಡವೆನಿಸಿದ ಲೋಡನ್ನು ಬಿಡುವ ಶಕ್ತಿ ಅವನಿಗಿದೆ. ಹೊಸಬನಿಗೆ ಆ ಶಕ್ತಿಯಿಲ್ಲ, ಆದ್ದರಿಂದಲೇ ಹಳಬರು ಬಿಟ್ಟ ದಾರಿ ಅವನ ಪಾಲಿಗೆ ಬರುತ್ತದೆ. ಮೊದಲ ವರ್ಷವಾದರೂ ತಿಂಗಳ ಸಂಬಳ, ರಾತ್ರಿಯ ಘಾಟಿಗೆ ಜೊತೆಗೊಬ್ಬ ಅನುಭವಿ ಇರಬೇಕು.

ಹೀಗೆಲ್ಲ ಮಾಡಿದರೆ ಸರಕು ತಡವಾಗುವುದಿಲ್ಲವೇ? ಸರಕಿನ ಇ-ವೇ ಬಿಲ್ಲಿಗೆ 2021ರಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ ಇದೆ. ಅಂದರೆ ಸಾವಿರ ಕಿಲೋಮೀಟರಿಗೆ ಐದು ದಿನ. ಈ ಆತುರ ಸರ್ಕಾರದ ಕಾಗದದಿಂದ ಬಂದದ್ದಲ್ಲ. ಗಂಗೊಳ್ಳಿಯ ಮೀನು ಕಾಯುವುದಿಲ್ಲ, ನಿಜ. ಅದಕ್ಕೆ ಇಬ್ಬರು ಚಾಲಕರು ಬೇಕು, ಆ ಖರ್ಚು ಮೀನಿನ ಬೆಲೆಯಲ್ಲಿ ಸೇರಬೇಕು.

ಇನ್ನು ಲಾರಿ ನಿಲ್ಲುವ ಜಾಗದ ಮಾತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದ ಅಂಗಡಿಯನ್ನೂ ಅಲ್ಲಿದ್ದ ಲಾರಿಗಳನ್ನೂ ಕೊಚ್ಚಿಕೊಂಡು ಹೋಯಿತು. ಮರದ ದಿಮ್ಮಿ ಹೊತ್ತಿದ್ದ ಲಾರಿಯ ಚಾಲಕ, ಕೋಝಿಕ್ಕೋಡಿನವನು, ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಲ್ಲಿ ತನ್ನ ಕ್ಯಾಬಿನ್ನಿನಲ್ಲೇ ಸಿಕ್ಕಿದ. ಆ ಹೆದ್ದಾರಿಯಲ್ಲಿ ಲಾರಿಗಳು ಚಹಾಕ್ಕೆ, ನಿದ್ದೆಗೆ ನಿಲ್ಲುವುದು ಇಂಥ ಅಂಚುಗಳಲ್ಲೇ. ಅದೇ ಹೆದ್ದಾರಿಯಲ್ಲಿ ನಮ್ಮ ಬೈಂದೂರಿನ ಕಡೆ ಇನ್ನೊಂದು ಶಿರೂರಿದೆ. ಅಲ್ಲಿ ಟೋಲ್‌ಗೇಟ್ ಇದೆ, ಪ್ರತಿ ಲಾರಿಯೂ ಹಣ ಕಟ್ಟಿ ಮುಂದೆ ಹೋಗುತ್ತದೆ. ಹಾಗೆ ಕಟ್ಟಿದ ಹಣದಲ್ಲಿ ಗುಡ್ಡದ ಬುಡದಿಂದ ದೂರ, ದೀಪ, ನೀರು, ಶೌಚಾಲಯವಿರುವ ಒಂದು ಬಯಲನ್ನು ಕೆರಾಡಿಯ ಆ ಹುಡುಗ ತನ್ನ ನಿದ್ದೆಗಾಗಿ ಕೇಳಬಹುದು.